ಕೆರೆ ಮೀನಿಗೆ ಬೆಳೆಯುವ ಹಾರ್ಮೋನ್ ಹಾಕುತ್ತಾರೆಯೇ?

ಕಳೆದ ತಿಂಗಳು ತುಮಕೂರಿನ ಸದಾಶಿವನಗರದಲ್ಲಿರುವ ನಮ್ಮ ದವಾಖಾನೆಗೆ ಒಬ್ಬ ಖಾಲಾ ತಮ್ಮ ಸೊಸೆಯನ್ನು ಕರೆದುಕೊಂಡು ಬಂದರು. ಸೊಸೆಗೆ ಐದು ತಿಂಗಳು. ಮುಖ ಬಿಳಿಚಿಕೊಂಡಿತ್ತು. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ, ತಲೆ ಸುತ್ತುತ್ತದೆ ಎಂದಳು. ತಾಯಿ ಕಾರ್ಡಿನಲ್ಲಿ ಹಿಮೋಗ್ಲೋಬಿನ್ 8.6 ಎಂದು ಬರೆದಿತ್ತು. ಗರ್ಭಿಣಿಯಲ್ಲಿ ಅದು 11ಕ್ಕಿಂತ ಕಡಿಮೆಯಾದರೆ ರಕ್ತಹೀನತೆ ಎಂದು ಲೆಕ್ಕ.

ಏನು ಊಟ ಮಾಡುತ್ತೀಯಮ್ಮ ಎಂದು ಕೇಳಿದೆ. ಅನ್ನ, ಸಾರು, ಚಹಾ ಎಂದಳು. ಖಾಲಾ ಮಧ್ಯೆ ಮಾತಾಡಿದರು: "ಡಾಕ್ಟರ್ ಸಾಬ್, ಮೊದಲು ವಾರಕ್ಕೆ ಎರಡು ಸಲ ಮೀನು ತರುತ್ತಿದ್ದೆವು. ಮಟನ್ ದಿನಾ ತರೋಕೆ ಆಗುತ್ತಾ? ಆದರೆ ಈಗ ಮೀನೂ ಬಿಟ್ಟಿದ್ದೇವೆ. ಬೇಗ ಬೆಳೆಯಲಿ ಅಂತ ಮೀನಿಗೆ ಹಾರ್ಮೋನ್ ಇಂಜೆಕ್ಷನ್ ಹಾಕ್ತಾರಂತೆ. ಹೊಟ್ಟೆಯಲ್ಲಿರೋ ಮಗುವಿಗೆ ಆಗೋದಿಲ್ಲವಂತೆ. ಹೆಣ್ಣು ಮಕ್ಕಳು ತಿಂದರೆ ವಯಸ್ಸಿಗೆ ಮೊದಲೇ ದೊಡ್ಡವರಾಗ್ತಾರಂತೆ. ಫೋನಿನಲ್ಲಿ ಬಂದಿತ್ತು."

ಖಾಲಾ ಅವರನ್ನು ನಾನು ಗದರಿಸಲಿಲ್ಲ. ಗದರಿಸುವ ಹಕ್ಕೂ ನನಗಿರಲಿಲ್ಲ. ಕೆಲವು ವರ್ಷಗಳ ಹಿಂದೆ ಇದೇ ಕುರ್ಚಿಯಲ್ಲಿ ಕುಳಿತು ನಾನೇ ಕೆಲವರಿಗೆ "ಸಾಕಿದ ಮೀನು ಬೇಡ, ಅದು ಇಂಜೆಕ್ಷನ್ ಮೀನು" ಎಂದು ಹೇಳಿದ್ದುಂಟು. ಯಾರೋ ಹೇಳಿದ್ದನ್ನು ಕೇಳಿ ವಿಚಾರಿಸದೆ ಮುಂದಕ್ಕೆ ದಾಟಿಸಿದ್ದೆ. ಆಮೇಲೆ ಓದಿದಾಗ ಮತ್ತು ಮೀನುಮರಿ ಸಾಕುವವರನ್ನು ಕೇಳಿದಾಗ, ಮೂರು ಬೇರೆ ಬೇರೆ ಸಂಗತಿಗಳನ್ನು ಒಂದಾಗಿ ಕಲಸಿ ಈ ಭಯ ಹುಟ್ಟಿದೆ ಎಂದು ಗೊತ್ತಾಯಿತು. ಆ ಮೂರನ್ನೂ ಬಿಡಿಸಿ ಹೇಳುವುದಕ್ಕೆ ಈ ಲೇಖನ.

ಇಂಜೆಕ್ಷನ್ ಇದೆ, ಆದರೆ ಯಾವ ಮೀನಿಗೆ?

ಮೀನಿಗೆ ಇಂಜೆಕ್ಷನ್ ಕೊಡುತ್ತಾರೆ ಎಂಬ ಮಾತು ಪೂರ್ತಿ ಸುಳ್ಳಲ್ಲ. ಅದು ತಾಯಿ ಮೀನಿಗೆ ಮತ್ತು ಗಂಡು ಮೀನಿಗೆ ಮೊಟ್ಟೆ ಇಡಿಸಲು ಕೊಡುವ ಇಂಜೆಕ್ಷನ್. ನಮ್ಮ ಊಟದ ಮೀನಿಗೆ ಅದನ್ನು ಕೊಡುವುದಿಲ್ಲ.

ಕಾಟ್ಲಾ, ರೋಹು, ಮೃಗಾಲ್ ಇವು ಮೂಲತಃ ನದಿಯ ಮೀನುಗಳು. ಮಳೆಗಾಲದಲ್ಲಿ ಹೊಸ ನೀರು ಹರಿದು ಬಂದಾಗ ಮಾತ್ರ ಮೊಟ್ಟೆ ಇಡುತ್ತವೆ. ಕುಣಿಗಲ್ ದೊಡ್ಡ ಕೆರೆಯಲ್ಲಾಗಲಿ, ಗುಬ್ಬಿ ತಾಲ್ಲೂಕಿನ ಕಡಬ ಕೆರೆಯಲ್ಲಾಗಲಿ ನಿಂತ ನೀರಿನಲ್ಲಿ ಅವು ಚೆನ್ನಾಗಿ ಬೆಳೆಯುತ್ತವೆ, ಆದರೆ ಮರಿ ಮಾಡುವುದಿಲ್ಲ. ಹಿಂದೆ ನದಿಗೆ ಹೋಗಿ ಮರಿಗಳನ್ನು ಹಿಡಿದು ತಂದು ಕೆರೆಗೆ ಬಿಡಬೇಕಿತ್ತು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ವಿಜ್ಞಾನಿ ಹೀರಾಲಾಲ್ ಚೌಧರಿ ಮತ್ತು ಅವರ ಸಂಗಡಿಗರು ಬೇರೊಂದು ಮೀನಿನ ಪಿಟ್ಯುಟರಿ ಗ್ರಂಥಿಯ ಸತ್ವವನ್ನು ತಾಯಿ ಮೀನಿಗೆ ಚುಚ್ಚಿ, ಹೊಂಡದಲ್ಲೇ ಮೊಟ್ಟೆ ಇಡಿಸಿದರು. ಆ ದಿನದ ನೆನಪಿಗಾಗಿಯೇ ದೇಶದಲ್ಲಿ ಪ್ರತಿವರ್ಷ ಜುಲೈ 10ನ್ನು ಮೀನು ಕೃಷಿಕರ ದಿನವಾಗಿ ಆಚರಿಸುತ್ತಾರೆ.

ಈಗ ಗ್ರಂಥಿಯ ಬದಲು ಓವಾಪ್ರಿಮ್‌ನಂಥ ಸಿದ್ಧ ಔಷಧಿ ಬಂದಿದೆ. ಮರಿ ಉತ್ಪಾದನಾ ಕೇಂದ್ರದಲ್ಲಿ ಸಂಜೆ ಹೊತ್ತು ತಾಯಿ ಮೀನಿಗೆ ಒಂದು ಸಲ ಚುಚ್ಚಿದರೆ, ರಾತ್ರಿ ಕಳೆಯುವುದರೊಳಗೆ ಅದು ಲಕ್ಷಕ್ಕೂ ಮೀರಿ ಮೊಟ್ಟೆ ಇಡುತ್ತದೆ. ಇದು ಮೊಟ್ಟೆ ಬಿಡಿಸುವ ಔಷಧಿಯೇ ಹೊರತು ಮೈ ಬೆಳೆಸುವ ಔಷಧಿ ಅಲ್ಲ. ಮೊಟ್ಟೆಯಿಂದ ಹೊರಬಂದ ಮರಿ ಕೆರೆ ಸೇರಿ, ತಿಂಗಳುಗಟ್ಟಲೆ ಮೇವು ತಿಂದು ದೊಡ್ಡದಾದ ಮೇಲೆ ಸಂತೆಗೆ ಬರುತ್ತದೆ. ಆ ಮರಿಗೆ ಯಾರೂ ಸೂಜಿ ಚುಚ್ಚಿರುವುದಿಲ್ಲ.

ಸ್ವಲ್ಪ ಲೆಕ್ಕ ಹಾಕಿ ನೋಡಿ. ಒಂದು ಹೆಕ್ಟೇರ್ ಕೆರೆಗೆ ಸಾವಿರಾರು ಮರಿ ಬಿಡುತ್ತಾರೆ. ಬೆಳವಣಿಗೆ ಹಾರ್ಮೋನ್ ಕೆಲಸ ಮಾಡಬೇಕಾದರೆ ಮತ್ತೆ ಮತ್ತೆ ಚುಚ್ಚಬೇಕು. ಬೆಳವಣಿಗೆ ಕುಂಠಿತವಾದ ಮಕ್ಕಳಿಗೆ ಈ ಚಿಕಿತ್ಸೆ ಕೊಡಿಸುವ ತಂದೆತಾಯಿಗೆ ತಿಂಗಳಿಗೆ ಸಾವಿರಾರು ರೂಪಾಯಿ ಖರ್ಚಾಗುತ್ತದೆ. ಕೆರೆ ಹರಾಜು ಹಿಡಿದ ಬಡ ಮೀನುಗಾರ ಪ್ರತಿ ಮೀನನ್ನೂ ಹಿಡಿದು ಅಂಥ ಔಷಧಿ ಚುಚ್ಚಿ ಮತ್ತೆ ನೀರಿಗೆ ಬಿಟ್ಟು, ಕಿಲೋ ಲೆಕ್ಕದಲ್ಲಿ ಮಾರಿ ಲಾಭ ಮಾಡಲು ಸಾಧ್ಯವೇ?

ಒಂದು ವಿಷಯವನ್ನು ಮುಚ್ಚಿಡಬಾರದು. ಜಿಲೇಬಿ ಮೀನು ಎಂದು ನಾವು ಕರೆಯುವ ಟಿಲಾಪಿಯಾದಲ್ಲಿ ಮಾತ್ರ ಹಾರ್ಮೋನ್ ಬಳಕೆ ಇದೆ. ಅದು ಕೆರೆಯಲ್ಲಿ ಬೇಗ ಬೇಗ ಮರಿ ಹಾಕಿ ನೀರು ತುಂಬಾ ಸಣ್ಣ ಮೀನೇ ಆಗಿಬಿಡುತ್ತದೆ. ಅದಕ್ಕಾಗಿ ಎಲ್ಲವೂ ಗಂಡೇ ಆಗಲಿ ಎಂದು ಮೊಟ್ಟೆಯೊಡೆದ ಮರಿಗಳಿಗೆ ಮೊದಲ ಮೂರು ನಾಲ್ಕು ವಾರ ಮೇವಿನಲ್ಲಿ ಒಂದು ಹಾರ್ಮೋನ್ ಬೆರೆಸುತ್ತಾರೆ. ಆಗ ಮರಿ ಒಂದು ಗ್ರಾಂ ಕೂಡ ತೂಗುವುದಿಲ್ಲ. ಮೇವು ನಿಲ್ಲಿಸಿದ ಮೇಲೆ ಅದು ಮರಿಯ ದೇಹದಿಂದ ಹೊರಹೋಗುತ್ತದೆ. ಆ ಮೀನು ನಮ್ಮ ಅಡುಗೆಮನೆಗೆ ಬರುವುದು ತಿಂಗಳುಗಳ ನಂತರ. ಹಾಗಾಗಿ ಇದರಲ್ಲಿಯೂ ಹೆದರಿಕೆಗೆ ಕಾರಣವಿಲ್ಲ.

ಬೇಗ ಬೆಳೆಯುವ ತಳಿ ಬಂದದ್ದು ಹೇಗೆ?

"ಮೊದಲಿನ ಮೀನು ಇಷ್ಟು ಬೇಗ ಬೆಳೆಯುತ್ತಿರಲಿಲ್ಲ, ಈಗ ಹೇಗೆ ಬೆಳೆಯುತ್ತದೆ?" ಎಂದು ಕೆಲವರು ಕೇಳುತ್ತಾರೆ. ಅದಕ್ಕೆ ಕಾರಣ ತಳಿಯ ಆಯ್ಕೆ. ನಮ್ಮ ಹಿರಿಯರು ಹೆಚ್ಚು ಹಾಲು ಕೊಡುವ ಎಮ್ಮೆಯ ಕರುವನ್ನೇ ಸಾಕಲು ಉಳಿಸಿಕೊಳ್ಳುತ್ತಿದ್ದರಲ್ಲ, ಇದೂ ಅದೇ.

ನಮ್ಮ ರಾಜ್ಯದ ಉದಾಹರಣೆಯನ್ನೇ ನೋಡೋಣ. ಕರ್ನಾಟಕದ ಕೆರೆಗಳಲ್ಲಿ ಸಾಕುವ ಸಾಮಾನ್ಯ ಗೆಂಡೆ ಮೀನು ಸಂತೆಗೆ ಬರುವ ಗಾತ್ರ ಮುಟ್ಟುವ ಮೊದಲೇ ಮೊಟ್ಟೆ ಕಟ್ಟುತ್ತಿತ್ತು. ತಿಂದದ್ದೆಲ್ಲ ಮೊಟ್ಟೆಗೆ ಹೋಗಿ ಮೈ ಬೆಳೆಯುತ್ತಿರಲಿಲ್ಲ. ಬೆಂಗಳೂರು ಹತ್ತಿರ ಹೆಸರಘಟ್ಟದಲ್ಲಿರುವ ಮೀನುಗಾರಿಕೆ ಸಂಶೋಧನಾ ಮತ್ತು ಮಾಹಿತಿ ಕೇಂದ್ರದ ವಿಜ್ಞಾನಿಗಳು ಹಂಗೇರಿ ದೇಶದಿಂದ ಅಮೂರ್ ಎಂಬ ಗೆಂಡೆ ತಳಿಯನ್ನು ತರಿಸಿ ಇಲ್ಲಿನ ನೀರಿನಲ್ಲಿ ಬೆಳೆಸಿ ಪರೀಕ್ಷಿಸಿದರು. ಅದು ತಡವಾಗಿ ಮೊಟ್ಟೆ ಕಟ್ಟುತ್ತದೆ, ಹಳೆಯ ತಳಿಗಿಂತ ಸುಮಾರು ಕಾಲು ಭಾಗ ಹೆಚ್ಚು ಬೆಳೆಯುತ್ತದೆ. ಆಮೇಲೆ ಅದರ ಮರಿಗಳನ್ನು ರೈತರಿಗೆ ಕೊಟ್ಟರು.

ರೋಹುವಿನಲ್ಲಿಯೂ ಹೀಗೇ ನಡೆಯಿತು. ಭುವನೇಶ್ವರದ ಕೇಂದ್ರ ಸಿಹಿನೀರು ಮೀನು ಸಂಶೋಧನಾ ಸಂಸ್ಥೆ ನಾರ್ವೆ ದೇಶದ ಸಹಕಾರದಿಂದ 1992ರಲ್ಲಿ ಕೆಲಸ ಆರಂಭಿಸಿ, ಪ್ರತಿ ಪೀಳಿಗೆಯಲ್ಲೂ ಚೆನ್ನಾಗಿ ಬೆಳೆದ ಮೀನುಗಳನ್ನೇ ತಾಯಿತಂದೆಯಾಗಿ ಆರಿಸಿತು. ಹಾಗೆ ಬಂದ ತಳಿಗೆ, ಸ್ವಾತಂತ್ರ್ಯದ ಐವತ್ತನೇ ವರ್ಷದ ನೆನಪಿಗೆ, ಜಯಂತಿ ರೋಹು ಎಂದು ಹೆಸರಿಟ್ಟರು. ಇವುಗಳಲ್ಲಿ ಹೊರಗಿನ ಜೀನ್ ಸೇರಿಸಿಲ್ಲ, ಹಾರ್ಮೋನ್ ಹಾಕಿಲ್ಲ. ಅಲ್ಲಾಹನು ಮೀನಿನಲ್ಲಿ ಇಟ್ಟ ಗುಣವನ್ನೇ ಮನುಷ್ಯ ತಾಳ್ಮೆಯಿಂದ ಆರಿಸಿಕೊಂಡಿದ್ದಾನೆ.

ಜೀನ್ ಸೇರಿಸಿದ ಮೀನು

ಮೂರನೆಯದು, ಫೋನಿನಲ್ಲಿ ಹರಿದಾಡುವ ಭಯದ ಹಿಂದಿರುವ ನಿಜವಾದ ಸುದ್ದಿ. ಮೀನಿಗೆ ಬೆಳವಣಿಗೆ ಹಾರ್ಮೋನಿನ ಜೀನನ್ನೇ ಹೆಚ್ಚುವರಿಯಾಗಿ ಸೇರಿಸುವ ಪ್ರಯೋಗ ಪ್ರಪಂಚದಲ್ಲಿ ನಡೆದಿರುವುದು ನಿಜ.

ಜೀನ್ ಎಂದರೆ ದೇಹದ ಪ್ರತಿ ಜೀವಕೋಶದಲ್ಲಿರುವ ಒಂದು ಬರಹ. ಯಾವ ಪ್ರೋಟೀನು ತಯಾರಿಸಬೇಕೆಂದು ಅದರಲ್ಲಿದೆ. ಅದರ ಮುಂದೆ ಸ್ವಿಚ್ಚಿನಂತೆ ಇನ್ನೊಂದು ತುಂಡು ಇರುತ್ತದೆ. ಆ ಬರಹ ಯಾವಾಗ ಕೆಲಸ ಮಾಡಬೇಕು, ಯಾವಾಗ ಸುಮ್ಮನಿರಬೇಕು ಎಂದು ನಿರ್ಧರಿಸುವುದು ಆ ಸ್ವಿಚ್ಚು. ಪ್ರಯೋಗಾಲಯದಲ್ಲಿ ಜೀನ್ ಮತ್ತು ಸ್ವಿಚ್ಚನ್ನು ಜೋಡಿಸಿ, ಆಗತಾನೆ ಫಲಿತಗೊಂಡ ಮೀನಿನ ಮೊಟ್ಟೆಗೆ ಕೂದಲಿಗಿಂತ ಸಣ್ಣ ಗಾಜಿನ ಸೂಜಿಯಿಂದ ಸೇರಿಸುತ್ತಾರೆ. ಬಹಳ ಮೊಟ್ಟೆಗಳು ಹಾಳಾಗುತ್ತವೆ. ಉಳಿದವುಗಳಲ್ಲಿ ಕೆಲವೇ ಮರಿಗಳ ದೇಹದಲ್ಲಿ ಆ ಜೀನ್ ನೆಲೆಯೂರುತ್ತದೆ. ಅವುಗಳಿಂದ ಮುಂದಿನ ಪೀಳಿಗೆ ಬೆಳೆಸುತ್ತಾರೆ.

1985ರಲ್ಲಿ ಚೀನಾದ ಝು ಝುವೊಯಾನ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಗೋಲ್ಡ್‌ಫಿಶ್ ಮೀನಿಗೆ ಮನುಷ್ಯನ ಬೆಳವಣಿಗೆ ಹಾರ್ಮೋನಿನ ಜೀನ್ ಸೇರಿಸಿದ ವರದಿ ಪ್ರಕಟಿಸಿದರು. ಇಂಥ ಮೀನಿನ ಮೊದಲ ವರದಿ ಅದು. 1989ರಲ್ಲಿ ಕೆನಡಾದ ವಿಜ್ಞಾನಿಗಳು ಅಟ್ಲಾಂಟಿಕ್ ಸಾಲ್ಮನ್ ಮೀನಿಗೆ ಚಿನೂಕ್ ಸಾಲ್ಮನ್ ಎಂಬ ಇನ್ನೊಂದು ಮೀನಿನ ಬೆಳವಣಿಗೆ ಜೀನನ್ನೂ, ಮಂಜುಗಡ್ಡೆಯಂಥ ನೀರಿನಲ್ಲಿ ಬದುಕುವ ಓಷನ್ ಪೌಟ್ ಮೀನಿನ ಸ್ವಿಚ್ಚನ್ನೂ ಸೇರಿಸಿದರು. ಸಾಮಾನ್ಯ ಸಾಲ್ಮನ್ ಚಳಿಗಾಲದಲ್ಲಿ ಬೆಳೆಯುವುದು ಬಹಳ ಕಡಿಮೆ. ಹೊಸ ಸ್ವಿಚ್ಚಿನಿಂದ ಈ ಮೀನಿನಲ್ಲಿ ಹಾರ್ಮೋನ್ ವರ್ಷವಿಡೀ ತಯಾರಾಗುತ್ತದೆ. ಸುಮಾರು ಮೂರು ವರ್ಷದಲ್ಲಿ ಬರಬೇಕಾದ ಗಾತ್ರ 16ರಿಂದ 18 ತಿಂಗಳಲ್ಲಿ ಬರುತ್ತದೆ. ಮೀನು ರಾಕ್ಷಸ ಗಾತ್ರ ಆಗುವುದಿಲ್ಲ, ಅದೇ ಗಾತ್ರವನ್ನು ಬೇಗ ಮುಟ್ಟುತ್ತದೆ ಅಷ್ಟೇ.

ಈ ಮೀನನ್ನು ತಿನ್ನಲು ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಅನುಮತಿ ಕೊಟ್ಟದ್ದು 2015ರ ನವೆಂಬರ್‌ನಲ್ಲಿ. ಮುಂದಿನ ವರ್ಷ ಕೆನಡಾ ಕೂಡ ಕೊಟ್ಟಿತು. ಹೊರಗಿನ ನೀರಿಗೆ ತಪ್ಪಿಸಿಕೊಂಡು ಹೋದರೆ ಅಲ್ಲಿನ ಮೀನುಗಳ ಗತಿ ಏನು ಎಂಬ ಆತಂಕ ದೊಡ್ಡದಿತ್ತು. ಅದಕ್ಕೆ ಎಲ್ಲವನ್ನೂ ಮರಿ ಹಾಕಲಾಗದ ಹೆಣ್ಣು ಮೀನುಗಳಾಗಿ ಮಾಡಿ, ಸಮುದ್ರದಿಂದ ದೂರ ನೆಲದ ಮೇಲಿನ ತೊಟ್ಟಿಗಳಲ್ಲೇ ಸಾಕಿದರು. ಆದರೂ ಅನೇಕ ಅಂಗಡಿಗಳು, ಗ್ರಾಹಕರು ಅದನ್ನು ಬೇಡ ಎಂದರು. ಖರ್ಚು ತೂಗಿಸಲಾಗದೆ ಆ ಕಂಪೆನಿ 2024ರ ಡಿಸೆಂಬರ್‌ನಲ್ಲಿ ಮೀನು ಸಾಕುವುದನ್ನೇ ನಿಲ್ಲಿಸಿತು.

ನಮ್ಮ ದೇಶದಲ್ಲಿಯೂ ಪ್ರಯತ್ನ ನಡೆದಿದೆ. ಮಧುರೈ ಕಾಮರಾಜ ವಿಶ್ವವಿದ್ಯಾನಿಲಯದಲ್ಲಿ ಪ್ರೊ. ಟಿ.ಜೆ. ಪಾಂಡಿಯನ್ ಮತ್ತು ಅವರ ಶಿಷ್ಯರು ರೋಹುವಿನದೇ ಬೆಳವಣಿಗೆ ಜೀನನ್ನು ರೋಹುವಿಗೆ ಹೆಚ್ಚುವರಿಯಾಗಿ ಸೇರಿಸಿದರು. ಆ ಮರಿಗಳು ಸಾಮಾನ್ಯ ಮರಿಗಳಿಗಿಂತ ಹಲವು ಪಟ್ಟು ವೇಗವಾಗಿ ಬೆಳೆದವು ಎಂದು 2004ರಲ್ಲಿ ವರದಿ ಪ್ರಕಟಿಸಿದರು. ಆ ರೋಹು ಪ್ರಯೋಗಾಲಯ ದಾಟಿ ಕೆರೆಗೆ ಬರಲಿಲ್ಲ.

ಕಾನೂನು ಕೂಡ ಬಿಗಿಯಾಗಿದೆ. ಇಂಥ ಯಾವುದೇ ಜೀವಿಯನ್ನು ಹೊರಗೆ ಬಿಡಬೇಕಾದರೆ 1989ರ ನಿಯಮಗಳ ಪ್ರಕಾರ ಕೇಂದ್ರ ಪರಿಸರ ಇಲಾಖೆಯ ಜಿಇಎಸಿ ಸಮಿತಿಯ ಒಪ್ಪಿಗೆ ಬೇಕು. ಅದನ್ನು ಆಹಾರವಾಗಿ ಮಾರಲು ಆಹಾರ ಸುರಕ್ಷತಾ ಪ್ರಾಧಿಕಾರದ ಅನುಮತಿಯೂ ಬೇಕು. ಜೀನ್ ಸೇರಿಸಿದ ಮೀನು ಮಾರಲು ಭಾರತದಲ್ಲಿ ಅನುಮತಿ ಇಲ್ಲ. ತುಮಕೂರಿನ ಮಾರುಕಟ್ಟೆಗೆ ಸುತ್ತಲಿನ ಕೆರೆಗಳಿಂದ, ಮಾರ್ಕೋನಹಳ್ಳಿ ಜಲಾಶಯದಿಂದ, ಆಂಧ್ರದ ಹೊಂಡಗಳಿಂದ ಬರುವ ಕಾಟ್ಲಾ, ರೋಹು, ಗೆಂಡೆಗಳು ಆ ಮೀನುಗಳಲ್ಲ.

ಒಂದು ವೇಳೆ ತಿಂದರೆ?

ವಿದೇಶದಲ್ಲಿರುವ ನಮ್ಮ ಮಕ್ಕಳು, ಸಂಬಂಧಿಕರು ಇದನ್ನು ಕೇಳುವುದುಂಟು. ಉತ್ತರ ತಿಳಿಯಲು ಸಕ್ಕರೆ ಕಾಯಿಲೆಯ ಇನ್ಸುಲಿನ್ ನೆನಪಿಸಿಕೊಳ್ಳಿ. ಇನ್ಸುಲಿನನ್ನು ಚುಚ್ಚಿಕೊಳ್ಳಬೇಕು, ಕುಡಿದರೆ ಪ್ರಯೋಜನವಿಲ್ಲ. ಏಕೆಂದರೆ ಅದೊಂದು ಪ್ರೋಟೀನು, ಹೊಟ್ಟೆಗೆ ಹೋದರೆ ಬೇಳೆ, ಮೊಟ್ಟೆಯಂತೆ ಜೀರ್ಣವಾಗಿಬಿಡುತ್ತದೆ. ಬೆಳವಣಿಗೆ ಹಾರ್ಮೋನ್ ಕೂಡ ಅದೇ ಜಾತಿಯ ಪ್ರೋಟೀನು. ಒಲೆಯ ಮೇಲೆ ಬೆಂದು, ಹೊಟ್ಟೆಯಲ್ಲಿ ಜೀರ್ಣವಾದ ಮೇಲೆ ಅದು ಹಾರ್ಮೋನಾಗಿ ಉಳಿಯುವುದಿಲ್ಲ.

ಇನ್ನೊಂದು ಮಾತು. ಹಿಂದೆ ಕುಳ್ಳಾಗಿ ಉಳಿದ ಮಕ್ಕಳಿಗೆ ದನದ ಗ್ರಂಥಿಯಿಂದ ತೆಗೆದ ಬೆಳವಣಿಗೆ ಹಾರ್ಮೋನ್ ಚುಚ್ಚಿ ನೋಡಿದ್ದರು. ನೇರವಾಗಿ ರಕ್ತಕ್ಕೆ ಸೇರಿದರೂ ಅದು ಮನುಷ್ಯನ ದೇಹದಲ್ಲಿ ಕೆಲಸ ಮಾಡಲಿಲ್ಲ. ಪ್ರತಿಯೊಂದು ಬೀಗಕ್ಕೂ ಅದರದೇ ಕೀಲಿಕೈ. ದನದ್ದೇ ಹೊಂದದಿದ್ದ ಮೇಲೆ ಮೀನಿನದು ಹೇಗೆ ಹೊಂದೀತು?

ಹೆಣ್ಣು ಮಕ್ಕಳು ಬೇಗ ದೊಡ್ಡವರಾಗುವುದಕ್ಕೂ ಮೀನಿಗೂ ಸಂಬಂಧ ಕಟ್ಟಬೇಡಿ. ಮಕ್ಕಳ ಮೈತೂಕ ಮಿತಿಮೀರಿ ಹೆಚ್ಚುವುದು ಅದಕ್ಕಿರುವ ಕಾರಣಗಳಲ್ಲಿ ಒಂದು. ಬೇಕರಿ ತಿಂಡಿ, ಕೂಲ್ ಡ್ರಿಂಕ್ಸ್, ಆಟವಿಲ್ಲದ ದಿನಚರಿ ಇವುಗಳ ಕಡೆ ಗಮನ ಕೊಡಿ. ಎಂಟು ವರ್ಷ ತುಂಬುವ ಮೊದಲೇ ಮಗುವಿನಲ್ಲಿ ಎದೆ ಬೆಳವಣಿಗೆ ಕಂಡರೆ ನಾಚಿಕೆ ಪಡದೆ ಮಕ್ಕಳ ವೈದ್ಯರಿಗೆ ತೋರಿಸಿ.

ಹಲಾಲ್‌ನ ಪ್ರಶ್ನೆಯನ್ನೂ ಕೆಲವರು ಕೇಳಿದ್ದಾರೆ. ಫತ್ವಾ ಹೇಳುವುದು ನನ್ನ ಕೆಲಸವಲ್ಲ, ಅದು ಉಲಮಾಗಳದು. ಅವರ ಮುಂದಿಡಬೇಕಾದ ಮಾಹಿತಿ ಇಷ್ಟು: ಸೇರಿಸಿದ ಜೀನ್ ಎಲ್ಲಿಂದ ಬಂತು ಎಂಬುದು ಪ್ರತಿ ಮೀನಿನಲ್ಲೂ ಬೇರೆ. ಸಾಲ್ಮನ್‌ನಲ್ಲಿ ಜೀನ್ ಮತ್ತು ಸ್ವಿಚ್ಚು ಎರಡೂ ಮೀನಿನವೇ. 1985ರ ಪ್ರಯೋಗದಲ್ಲಿ ಜೀನ್ ಮನುಷ್ಯನದಾಗಿತ್ತು. ಎರಡನ್ನೂ ಒಂದೇ ಎಂದು ಕೇಳಿದರೆ ಉತ್ತರ ತಪ್ಪಾದೀತು.

ನಿಜವಾಗಿ ನೋಡಬೇಕಾದ್ದು

ಯುನಾನಿ ವೈದ್ಯಶಾಸ್ತ್ರದಲ್ಲಿ ಆರೋಗ್ಯಕ್ಕೆ ಅನಿವಾರ್ಯವಾದ ಆರು ಕಾರಣಗಳಲ್ಲಿ ಆಹಾರಪಾನೀಯ ಒಂದು. ಹಿಂದಿನ ಹಕೀಮರು ಮೀನಿನ ವಿಷಯ ಬರೆಯುವಾಗ ಅದು ಯಾವ ನೀರಿನದು, ಏನು ತಿಂದು ಬೆಳೆದದ್ದು, ತಾಜಾ ಇದೆಯೇ ಎಂದು ನೋಡುತ್ತಿದ್ದರು. ಕಲ್ಲು ಮರಳಿನ ಮೇಲೆ ಹರಿಯುವ ಶುದ್ಧ ನೀರಿನ ಮೀನನ್ನು ಮೆಚ್ಚುತ್ತಿದ್ದರು. ಇಂದಿಗೂ ಅವೇ ಮೂರು ಪ್ರಶ್ನೆ ಸಾಕು.

ನೀರು: ಚರಂಡಿ ನೀರು, ಕಾರ್ಖಾನೆಯ ನೀರು ಸೇರುವ ಕೆರೆಯ ಮೀನು ಬೇಡ. ಎಲ್ಲಿಂದ ತಂದದ್ದು ಎಂದು ಮಾರುವವರನ್ನು ಕೇಳಿ. ದಿನಾ ನಾಲ್ಕು ಜನ ಕೇಳಿದರೆ ಅವರೂ ಎಚ್ಚರವಾಗಿರುತ್ತಾರೆ.

ಮೇವು: ಆಫ್ರಿಕನ್ ಕ್ಯಾಟ್‌ಫಿಶ್ ಸಾಕುವುದನ್ನು ಕೇಂದ್ರ ಸರಕಾರ 2000ದಲ್ಲೇ ನಿಷೇಧಿಸಿದೆ. ಅದು ಕೆರೆಯ ಇತರ ಮೀನುಗಳನ್ನು ತಿಂದು ಮುಗಿಸುತ್ತದೆ. ಕದ್ದು ಸಾಕುವವರು ಕೋಳಿ ಅಂಗಡಿಯ, ಕಸಾಯಿಖಾನೆಯ ಕೊಳೆತ ತ್ಯಾಜ್ಯವನ್ನೇ ಅದಕ್ಕೆ ಹಾಕುತ್ತಾರೆ. ಹೊಲಸು ತಿಂದು ಬೆಳೆದ ಪ್ರಾಣಿಯ ಬಗ್ಗೆ ನಮ್ಮ ಫಿಕ್ಹ್‌ನಲ್ಲಿ ಜಲ್ಲಾಲ ಎಂಬ ಪ್ರತ್ಯೇಕ ವಿಧಿಯೇ ಇದೆ. ನಮಗೆ ಹಲಾಲ್ ಮಾತ್ರವಲ್ಲ, ತಯ್ಯಿಬ್ ಕೂಡ ಬೇಕು. ಅಗ್ಗ ಎಂದು ಈ ಮೀನನ್ನು ತರಬೇಡಿ.

ತಾಜಾತನ: ಕಿವಿರು ಕೆಂಪಾಗಿರಬೇಕು, ಕಣ್ಣು ಉಬ್ಬಿ ಹೊಳೆಯುತ್ತಿರಬೇಕು, ಬೆರಳಿನಿಂದ ಒತ್ತಿದರೆ ಮಾಂಸ ಮತ್ತೆ ಮೇಲೇಳಬೇಕು. ಮಂಜುಗಡ್ಡೆಯಿಲ್ಲದೆ ಬಿಸಿಲಲ್ಲಿಟ್ಟ ಮೀನಿಗೆ ಒಂದೂ ನೊಣ ಕೂರದೆ, ಮೀನಿನ ವಾಸನೆಯೂ ಇಲ್ಲದೆ ಔಷಧಿಯ ಘಾಟು ಬಂದರೆ ಬಿಟ್ಟುಬಿಡಿ. 2018ರ ಜೂನ್‌ನಲ್ಲಿ ಕೇರಳದ ಅಧಿಕಾರಿಗಳು ಫಾರ್ಮಲಿನ್ ಹಾಕಿದ ಸಾವಿರಾರು ಕಿಲೋ ಮೀನು ಹಿಡಿದಿದ್ದರು. ಶವ ಕೆಡದಂತೆ ಇಡಲು ಬಳಸುವ ಆ ರಾಸಾಯನಿಕವೇ ನಿಜವಾದ ಅಪಾಯ.

ಮನೆಯಲ್ಲಿ ಮೀನು ಕೊಯ್ದ ಈಳಿಗೆ, ಹಲಗೆ, ಕೈ ಇವನ್ನು ಸೋಪಿನಿಂದ ತೊಳೆದ ಮೇಲೆಯೇ ತರಕಾರಿ ಮುಟ್ಟಿ. ಕೆರೆ ಮೀನಿನಲ್ಲಿ ಹುಳು ಇರಬಹುದು, ಒಳಗಿನವರೆಗೂ ಬೇಯಿಸಿ. ಮೀನಿನ ಪಿತ್ತಕೋಶವನ್ನು ಸಕ್ಕರೆ ಕಾಯಿಲೆಗೆ, ದಮ್ಮಿಗೆ ಔಷಧಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ರೋಹುವಿನ ಪಿತ್ತಕೋಶ ನುಂಗಿ ಕಿಡ್ನಿ ಕೆಟ್ಟವರಿದ್ದಾರೆ. ಗರ್ಭಿಣಿಯರು ಶಾರ್ಕ್‌ನಂಥ ದೊಡ್ಡ ಸಮುದ್ರ ಮೀನು ಬಿಡಲಿ, ಅವುಗಳಲ್ಲಿ ಪಾದರಸ ಹೆಚ್ಚು. ರೋಹು, ಕಾಟ್ಲಾ, ಗೆಂಡೆ, ಬಂಗುಡೆ, ಬೂತಾಯಿ ಧಾರಾಳ ತಿನ್ನಬಹುದು.

ನೂರು ಗ್ರಾಂ ರೋಹುವಿನಲ್ಲಿ 16ರಿಂದ 20 ಗ್ರಾಂ ಪ್ರೋಟೀನಿದೆ. ರಕ್ತ ಹೆಚ್ಚಲು ಬೇಕಾದ ಬಿ12 ಜೀವಸತ್ವವಿದೆ. ಜೊತೆಗೆ ತಿಂದ ಸೊಪ್ಪಿನ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳಲು ಮೀನು ನೆರವಾಗುತ್ತದೆ. ಮಟನ್ ಕೊಳ್ಳಲಾಗದ ಮನೆಯಲ್ಲಿ ಇದನ್ನೂ ಗಾಳಿಮಾತಿಗೆ ಬಿಟ್ಟರೆ ತಾಯಿಯ ರಕ್ತವೇ ಕಡಿಮೆಯಾಗುತ್ತದೆ, ಹೆರಿಗೆಯ ಹೊತ್ತಿಗೆ ಅದು ಪ್ರಾಣದ ಪ್ರಶ್ನೆಯಾಗುತ್ತದೆ.

ಖಾಲಾ ಅವರಿಗೆ ಇದೆಲ್ಲ ಹೇಳಿದೆ. ಆಸ್ಪತ್ರೆಯಲ್ಲಿ ಕೊಟ್ಟ ಕಬ್ಬಿಣದ ಮಾತ್ರೆ ಒಂದು ದಿನವೂ ತಪ್ಪಿಸಬೇಡಿ, ಅದರ ಬದಲಿಗೆ ಮೀನು ಅಲ್ಲ, ಅದರ ಜೊತೆಗೆ ಮೀನು ಎಂದೆ. ಸಾರಿಗೆ ನಿಂಬೆರಸ ಹಿಂಡಲು, ಊಟವಾದ ಕೂಡಲೇ ಚಹಾ ಕುಡಿಯದಿರಲು ಸೊಸೆಗೆ ತಿಳಿಸಿದೆ. ಖಾಲಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಭಾನುವಾರ ಗೆಂಡೆ ತರಲಾ, ರೋಹು ತರಲಾ?" ಎಂದು ಕೇಳಿದರು. ಯಾವುದು ತಾಜಾ ಇದೆಯೋ ಅದು ತನ್ನಿ ಎಂದೆ.

ಫೋನಿನಲ್ಲಿ ಬಂದ ಸುದ್ದಿಯನ್ನು ಇನ್ನೊಬ್ಬರಿಗೆ ಕಳಿಸುವ ಮೊದಲು ವಿಚಾರಿಸುವುದು ನಮ್ಮ ದೀನ್ ಕಲಿಸಿದ ಪಾಠ. ಆ ಪಾಠವನ್ನು ಒಮ್ಮೆ ಮರೆತಿದ್ದ ವೈದ್ಯನಾಗಿಯೇ ಇದನ್ನು ಬರೆದಿದ್ದೇನೆ. ನನ್ನ ಮಾತು ಕೇಳಿ ಅಂದು ಮೀನು ಬಿಟ್ಟವರು ಯಾರಾದರೂ ಇದನ್ನು ಓದುತ್ತಿದ್ದರೆ, ಮತ್ತೆ ತರಲು ಆರಂಭಿಸಿ.